ಮಿಸ್ಸಿಂಗ್ ಹೊಡೆಯುವ ಕಾರು

ಮಳವಳ್ಳಿ
೨ ಜೂನ್ ೨೦೨೪

ರೀ,

ರಜೆ ಮುಗಿಸಿ ನೀವು ಗಡಿಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲನೇ ಕಾಗದ ಇದು. ಅಲ್ಲಿ ಮೊಬೈಲ್ ಒಳಗೆ ಬಿಡುವುದಿಲ್ಲ, ಭಾನುವಾರ ಸೈನ್ಯದ ಠಾಣೆಯ ಫೋನಿನಿಂದ ಮಾಡುತ್ತೀನಿ ಅಂದಿದ್ದಿರಿ. ಆಮೇಲೆ ಆ ಫೋನೂ ಕೆಟ್ಟಿದೆ ಅಂತ ನಿಮ್ಮ ಎರಡು ಸಾಲಿನ ಕಾರ್ಡ್ ಬಂತು. ಸರಿ, ಕಾಗದವೇ ಆಗಲಿ. ಮದುವೆಯಾದ ಮೇಲೆ ನಾವಿಬ್ಬರೂ ಬರೆದುಕೊಂಡಿರಲಿಲ್ಲವಲ್ಲ.

ಕಾರಿನ ವಿಷಯಕ್ಕೆ ಬರೀತಿದ್ದೀನಿ. ಮಾರ್ಚಿನಲ್ಲಿ ನೀವು ಅದರ ಟರ್ಬೊ ಒತ್ತಡ ಏರಿಸಿ, ಕಂಪನಿಯವರು ಕೊಟ್ಟಿದ್ದ ಕಾಯಿಲ್‌ಗಳನ್ನು ತೆಗೆದು ಕೆಂಪು ತಲೆಯ ಹೊಸಾವು ಹಾಕಿದಿರಿ. ಈಗ ಅದು ನಡುಗುತ್ತಿದೆ. ಸ್ಟಾರ್ಟ್ ಆಗುತ್ತೆ, ಮದ್ದೂರಿನ ತನಕ ಏನೂ ತಕರಾರಿಲ್ಲದೆ ಹೋಗುತ್ತೆ. ಇಂಜಿನ್ ಸುತ್ತು ತೋರಿಸುವ ಮುಳ್ಳು ಐದು ಸಾವಿರ ದಾಟಿತು ಅಂದರೆ ಯಾರೋ ಹಿಂದಿನಿಂದ ಬಂಪರ್ ಹಿಡಿದು ಎಳೆದ ಹಾಗಾಗುತ್ತೆ. ಹಳದಿ ದೀಪ ಮಿಟುಕುತ್ತೆ. ಕಾಲು ತೆಗೆದರೆ ಎಲ್ಲ ಸರಿ.

ನಾನು ಗೆಜ್ಜಲಗೆರೆಯ ಗಾರ್ಮೆಂಟ್ಸ್‌ಗೆ ಕೆಲಸಕ್ಕೆ ಹೋಗಿ ಬರೋದು ಬಿಟ್ಟರೆ ಅದನ್ನು ಎಲ್ಲೂ ತೆಗೆಯುತ್ತಿಲ್ಲ. ಅಲ್ಲೇ ಹೆದ್ದಾರಿ ಪಕ್ಕ ನಿಮ್ಮ ಸ್ನೇಹಿತ ಮಹದೇವು ಅವರ ಗ್ಯಾರೇಜಿಗೆ ಒಯ್ಯಲಾ, ಅಥವಾ ನೀವು ಬರುವ ತನಕ ಶೆಡ್ಡಿನಲ್ಲಿ ನಿಲ್ಲಿಸಲಾ?

ಅತ್ತೆ ಚೆನ್ನಾಗಿದ್ದಾರೆ. ‘ಸೈನ್ಯದ ಲಾರಿ ರಿಪೇರಿ ಮಾಡೋನ್ಗೆ ಮನೆ ಕಾರು ನೆಟ್ಗೆ ಮಾಡಾಕಾಗ್ನಿಲ್ವಾ’ ಅಂತಾರೆ.

ಶ್ವೇತ

*

ಆರ್ಮಿ ಪೋಸ್ಟ್ ಆಫೀಸ್ ಮೂಲಕ
೧೭ ಜೂನ್ ೨೦೨೪

ಶ್ವೇತಾ,

ನಿನ್ನ ಕಾಗದ ನೆನ್ನೆ ಸಿಕ್ತು. ಊಟಕ್ಕೆ ಮುಂಚೆ ಒಂದು ಸತಿ, ಊಟ ಆದ ಮೇಲೆ ಒಂದು ಸತಿ ಓದಿದೆ. ಗಾಡಿ ನಿಲ್ಲಿಸಬ್ಯಾಡ. ನಿಂತ ಗಾಡಿ ಇನ್ನೂ ಕೆಡ್ತದೆ.

ಗ್ಯಾರೇಜಲ್ಲಿ ಇದಕ್ಕೆ ಮಿಸ್ಸಿಂಗ್ ಅಂತೀವಿ. ಮೂರು ಸಿಲಿಂಡರಲ್ಲಿ ಒಂದರೊಳಗೆ ಕಿಡಿ ಹೊತ್ಕೊತಾ ಇಲ್ಲ. ಒಂದೊಂದು ಸಿಲಿಂಡರಿನ ತಲೆ ಮೇಲೂ ಒಂದೊಂದು ಕಾಯಿಲ್ ಕೂತಿರ್ತದೆ. ಬ್ಯಾಟರಿಯ ಹನ್ನೆರಡು ವೋಲ್ಟನ್ನ ಸಾವಿರಾರು ವೋಲ್ಟ್ ಮಾಡಿ ಪ್ಲಗ್ಗಿಗೆ ಕೊಡೋದು ಅದೇ. ಟರ್ಬೊ ಗಾಳಿನ ಅದುಮಿ ತುಂಬುತ್ತದೆ. ಅದುಮಿದ ಗಾಳಿಯೊಳಗೆ ಕಿಡಿ ಹಾರೋದು ಕಷ್ಟ, ಒತ್ತಡ ಏರಿದಷ್ಟೂ ಕಾಯಿಲ್‌ಗೆ ಭಾರ ಜಾಸ್ತಿ. ಅದಕ್ಕೇ ಮೆಲ್ಲಗೆ ಹೋದಾಗ ಸರಿಯಿದ್ದು ಜೋರಾದಾಗ ಕೈ ಕೊಡ್ತದೆ.

ಮಹದೇವೂಗೆ ಹೇಳು: ಮೊದಲು ಮಿಷನ್ ಹಾಕಿ ಯಾವ ಸಿಲಿಂಡರ್ ಅಂತ ನೋಡಲಿ. ಎರಡನೇದು ಅಂತ ತೋರ್ಸಿದ್ರೆ ಒಂದನೇ ಕಾಯಿಲೂ ಎರಡನೇ ಕಾಯಿಲೂ ಅದಲು ಬದಲು ಮಾಡಲಿ. ಮಿಸ್ಸಿಂಗ್ ಕಾಯಿಲ್ ಜೊತೆಗೆ ಹೋದ್ರೆ ಕಾಯಿಲ್ ಕೆಟ್ಟಿದೆ. ಇದ್ದ ಕಡೆನೇ ಇದ್ರೆ ತಪ್ಪು ಬೇರೆ ಕಡೆ ಐತೆ.

ಇನ್ನೊಂದು. ಆ ಸದ್ದು ಹೆಂಗೆ ಬತ್ತದೆ ಅಂತ ಅಕ್ಷರದಲ್ಲಿ ಬರಿ. ಪಟ್ ಪಟ್ ಅಂತಲೋ, ಬುಸ್ ಅಂತಲೋ. ಸರಿಯಾಗಿ ಕೇಳಿಸ್ಕೊಂಡು ಬರಿ.

ಫೋನ್ ಇನ್ನೂ ರಿಪೇರಿ ಆಗಿಲ್ಲ ಬುಡು. ಅವ್ವಂಗೆ ನಾನು ದಪ್ಪ ಆಗಿದ್ದೀನಿ ಅಂತ ಹೇಳು.

ನಾಗರಾಜು

ಮರೆತಿದ್ದೆ. ಮದ್ದೂರು ದಾರಿಲಿ ಐದು ಸಾವಿರ ಯಾಕೆ ಏರ್ತು?

*

ಮಳವಳ್ಳಿ
೨೦ ಜೂನ್ ೨೦೨೪

ರೀ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಕಾಯೋಕೆ ಆಗದೆ ಮಹದೇವು ಅವರ ಹತ್ತಿರ ಒಯ್ದೆ. ಅವರು ಮಿಷನ್ ಹಾಕಿದರು, ಎರಡನೇ ಸಿಲಿಂಡರ್ ಅಂತ ತೋರಿಸಿತು. ‘ನೋಡುಮ ತಡಿಯಕ್ಕ’ ಅಂತ ಒಂದನೇ ಕಾಯಿಲನ್ನೂ ಎರಡನೇದನ್ನೂ ಅದಲು ಬದಲು ಮಾಡಿದರು. ಈಗ ದೀಪ ಮಿಟುಕಿದಾಗ ನೋಡಿದರೆ ಒಂದನೇ ಸಿಲಿಂಡರ್ ಅಂತ ತೋರಿಸುತ್ತಿದೆ.

ಅವರು ನನಗೂ ಕಾಯಿಲ್ ಬಿಚ್ಚೋದು ಕಲಿಸಿದರು. ಒಂದು ಬೋಲ್ಟು, ಒಂದು ಕ್ಲಿಪ್ಪು, ಅಷ್ಟೇ. ನಮ್ಮ ಹೊಲಿಗೆ ಮಿಷನ್ನಿನ ಮೋಟಾರು ಬಿಚ್ಚೋದು ಇದಕ್ಕಿಂತ ಕಷ್ಟ.

ಶ್ವೇತ

*

ಮಳವಳ್ಳಿ
೫ ಜುಲೈ ೨೦೨೪

ರೀ,

ನಿಮ್ಮ ಹದಿನೇಳನೇ ತಾರೀಕಿನ ಕಾಗದ ಬಂತು. ಮಹದೇವು ಕಿರುಗಾವಲಿಗೆ ಅಕ್ಕನ ಮನೆಗೆ ಹೋಗಿದ್ದರು. ನೀವು ಬರೆದಿದ್ದ ಹಾಗೆ ನಾನೇ ಒಂದನೇದನ್ನೂ ಎರಡನೇದನ್ನೂ ಅದಲು ಬದಲು ಮಾಡಿದೆ. ಗ್ಯಾರೇಜಿನ ಹುಡುಗನ ಕೈಲಿ ಮಿಷನ್ ಹಾಕಿಸಿದರೆ ಈಗ ಮತ್ತೆ ಎರಡನೇ ಸಿಲಿಂಡರ್ ಅಂತ ತೋರಿಸುತ್ತೆ. ಹಾಗಾದರೆ ಕಾಯಿಲ್ ಸರಿಯಿದ್ದು ಸಿಲಿಂಡರೇ ಕೆಟ್ಟಿದೆಯಾ? ನನಗೆ ಒಂದೂ ತಿಳಿಯುತ್ತಿಲ್ಲ.

ಸದ್ದು ಬರೆಯೋಕೆ ಹೇಳಿದಿರಿ. ಬುಡ್ ಬುಡ್ ಬುಡ್, ಆಮೇಲೆ ಒಂದು ಬಿಡುವು, ಮತ್ತೆ ಬುಡ್. ಬರೆದ ಮೇಲೆ ನನಗೇ ನಗು ಬಂತು. ಫೋನಿನಲ್ಲಾದರೆ ಬಾನೆಟ್ಟಿನ ಹತ್ತಿರ ಹಿಡಿದು ಕೇಳಿಸಿಬಿಡಬಹುದಿತ್ತು.

ಫೋನು ಅಂದ ಮೇಲೆ ನೆನಪಾಯಿತು. ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ದುದ್ದದ ಚಂದನ ಸಿಕ್ಕಿದ್ದಳು, ನಿಮ್ಮ ಜೊತೆಯಲ್ಲೇ ಇರುವ ಶಿವಣ್ಣನ ಹೆಂಡತಿ. ಶಿವಣ್ಣ ಪ್ರತಿ ಭಾನುವಾರ ಫೋನ್ ಮಾಡುತ್ತಾರಂತೆ. ‘ಠಾಣೆ ಫೋನ್ ಯಾವತ್ತೂ ಕೆಟ್ಟೇ ಇಲ್ಲ ಕಣೆ’ ಅಂದಳು. ಅವಳಿಗೆ ಸರಿಯಾಗಿ ಗೊತ್ತಿಲ್ಲವೇನೋ ಅಂದುಕೊಂಡೆ. ನೀವೇ ಬರೆಯಿರಿ.

ಶ್ವೇತ

*

ಆರ್ಮಿ ಪೋಸ್ಟ್ ಆಫೀಸ್ ಮೂಲಕ
೬ ಜುಲೈ ೨೦೨೪

ಶ್ವೇತಾ,

ಇಪ್ಪತ್ತನೇ ತಾರೀಕಿನ ಕಾಗದ ನೋಡಿದೆ. ಕೆಟ್ಟ ಕಾಯಿಲ್ ಈಗ ಒಂದನೇದರ ಮೇಲೆ ಕೂತದೆ. ಅದನ್ನ ಕಿತ್ತು ಹಾಕಿ, ಅಟ್ಟದ ಮೇಲೆ ಇಟ್ಟಿರೋ ಹಳೇ ಕಾಯಿಲಲ್ಲಿ ಒಂದನ್ನ ಅಲ್ಲಿಗೆ ಹಾಕು. ಮುಗೀತು.

ಆದರೆ ಒಂದು ವಿಷಯ ನನ್ನ ತಲೆ ತಿಂತಾ ಐತೆ. ಈ ಮಿಸ್ಸಿಂಗ್ ಪೆಡಲನ್ನ ಪೂರ್ತಿ ತುಳಿದಾಗ ಮಾತ್ರ ಬರೋದು. ಕೆಲಸಕ್ಕೆ ಹೋಗಿ ಬರೋರ ಮುಳ್ಳು ಮೂರು ಸಾವಿರ ದಾಟಲ್ಲ. ಐದು ಸಾವಿರ ಅಂದ್ರೆ ಯಾರೋ ಗಾಡಿನ ಬಾರಿಸ್ತಾವ್ರೆ. ಒಂದು ಸತಿ ಅಲ್ಲ, ದಿನಾ.

ಯಾರು ಓಡಿಸ್ತಿರೋದು? ಮಹದೇವುನಾ? ಟೆಸ್ಟು ಅಂತ ತಗೊಂಡು ಹೋಗ್ತಾನಾ? ಇಲ್ಲ ಫ್ಯಾಕ್ಟರಿಯೋರು ಯಾರಾದ್ರೂ? ನೀನು ಓಡ್ಸೋದನ್ನ ನಾನು ನೋಡಿದ್ದೀನಿ, ಹಂಪ್ ಕಂಡ್ರೆ ಒಂದು ಫರ್ಲಾಂಗ್ ಮುಂಚೆ ಬ್ರೇಕ್ ಹಿಡೀತಿದ್ದೆ. ಕೇಳಿದ್ದಕ್ಕೆ ಉತ್ತರ ಬರಿ.

ನಾಗರಾಜು

*

ಮಳವಳ್ಳಿ
೨೮ ಜುಲೈ ೨೦೨೪

ನಾಗರಾಜು ಅವರಿಗೆ,

ನೀವು ಹೇಳಿದ ಹಾಗೆ ಒಂದನೇ ಕಾಯಿಲ್ ತೆಗೆದು ಹಳೇದು ಹಾಕಿದ್ದಾಯಿತು. ಮಿಸ್ಸಿಂಗ್ ಹೋಗಲಿಲ್ಲ. ಇನ್ನೂ ಎರಡನೇದು ಅಂತಲೇ ತೋರಿಸುತ್ತಿದೆ. ನಿಮ್ಮ ಒಂದೊಂದು ಕಾಗದಕ್ಕೂ ಅದು ಒಂದೊಂದು ಮಾತಾಡುತ್ತಿದೆ.

ಕಾರನ್ನು ಬೇರೆ ಯಾರೂ ಮುಟ್ಟಿಲ್ಲ. ಮಹದೇವು ನನ್ನನ್ನು ಅಕ್ಕ ಅನ್ನುತ್ತಾರೆ. ನೀವು ಬರೆದದ್ದನ್ನು ಅವರಿಗೂ ತೋರಿಸಲಿಲ್ಲ, ಅತ್ತೆಗೂ ಓದಿ ಹೇಳಲಿಲ್ಲ. ಕಾಗದದಲ್ಲಿ ಏನಿದೆ ಅಂತ ಅತ್ತೆ ಕೇಳಿದ್ದಕ್ಕೆ, ಕಾರಿನ ವಿಷಯ ಅಂದೆ.

ಹೋದ ಭಾನುವಾರ ನಾನು ಚಂದನಳ ಮನೆಗೆ ದುದ್ದಕ್ಕೆ ಹೋಗಿದ್ದೆ. ಶಿವಣ್ಣನ ಫೋನ್ ಬಂದಾಗ ನಿಮ್ಮನ್ನು ಕರೆಯಿರಿ ಅಂದೆ. ಅವರು ಏನೋ ತಡವರಿಸಿ ಕೊನೆಗೆ ಕರೆದರು. ನೀವು ಬಂದಿರಿ. ನಾಲ್ಕು ತಿಂಗಳ ಮೇಲೆ ನಿಮ್ಮ ದನಿ ಕೇಳಿದೆ. ಹೇಗಿದ್ದೀರಿ ಅಂದೆ. ‘ಹೂಂ’ ಅಂದಿರಿ. ಅತ್ತೆಗೆ ಮೂರು ದಿನದಿಂದ ಜ್ವರ ಅಂದೆ. ‘ಹೂಂ, ಒಳ್ಳೇದು’ ಅಂದಿರಿ. ನಿಮಗೆ ನನ್ನ ಮೇಲೆ ಇಷ್ಟು ಕೋಪ ಇದ್ದರೆ ಈ ಕಾರನ್ನು ಮಾರಿಬಿಡಲಾ ಅಂತ ಕೇಳಿದೆ. ‘ಹೂಂ, ಒಳ್ಳೇದು, ಹಂಗೇ ಮಾಡು’ ಅಂದು ಇಟ್ಟುಬಿಟ್ಟಿರಿ.

ಪಕ್ಕದಲ್ಲಿ ಚಂದನ ನಿಂತಿದ್ದಳು. ಅವಳ ಮುಖ ನೋಡೋಕೆ ಆಗದೆ ಚಪ್ಪಲಿ ಹುಡುಕುತ್ತಾ ನಿಂತೆ.

ನಿಮ್ಮ ಮಾತಿನಂತೆ ಕಾರಿಗೆ ಗಿರಾಕಿ ಹುಡುಕೋಕೆ ಹೇಳಿದ್ದೀನಿ. ಅತ್ತೆಯ ಜ್ವರ ಬಿಟ್ಟಿದೆ.

ಶ್ವೇತ

*

ಆರ್ಮಿ ಪೋಸ್ಟ್ ಆಫೀಸ್ ಮೂಲಕ
೧೪ ಆಗಸ್ಟ್ ೨೦೨೪

ಶ್ವೇತಾ,

ಕಾರು ಮಾರಬ್ಯಾಡ. ನಾನು ಮಾರು ಅಂದಿಲ್ಲ. ಅಂದಿದ್ರೂ ನೀನು ಏನು ಕೇಳಿದ್ದು ಅಂತ ಗೊತ್ತಿಲ್ದೆ ಅಂದಿದ್ದೀನಿ. ನನಗೆ ಕೇಳಿಸಲಿಲ್ಲ.

ಏಪ್ರಿಲಲ್ಲಿ ಇಲ್ಲಿ ವರ್ಕ್‌ಶಾಪಿನಲ್ಲಿ ಲಾರಿ ಟಯರಿಗೆ ಗಾಳಿ ತುಂಬುವಾಗ ಅದು ಸಿಡೀತು. ನಾನು ಪಕ್ಕದಲ್ಲೇ ಬಗ್ಗಿ ಕೂತಿದ್ದೆ. ಮೈಗೆ ಒಂದು ತರಚೂ ಆಗಲಿಲ್ಲ, ಅದೃಷ್ಟವಂತ ಅಂದ್ರು. ಎಡಗಿವಿ ಅವತ್ತೇ ಹೋಯ್ತು. ಬಲಗಿವೀಲಿ ಎದುರಿಗೆ ನಿಂತು ಮಾತಾಡಿದ್ರೆ ಅರ್ಧ ಕೇಳ್ತದೆ, ಉಳಿದರ್ಧ ತುಟಿ ನೋಡಿ ತಿಳ್ಕೊತೀನಿ. ಫೋನಲ್ಲಿ ತುಟಿ ಎಲ್ಲಿ ಬತ್ತದೆ? ಬರೀ ಗುಯ್ ಅಂತದೆ.

ಠಾಣೆ ಫೋನ್ ಕೆಟ್ಟಿಲ್ಲ. ಅದು ನಾನು ಹೇಳಿದ ಸುಳ್ಳು. ಇಲ್ಲಿ ಶಿವಣ್ಣ ಒಬ್ಬನಿಗೇ ಗೊತ್ತಿರೋದು. ಅವತ್ತು ಅವನು ಬ್ಯಾಡ ಅಂದ. ನಾನೇ, ನಿನ್ನ ದನಿ ಒಂಚೂರಾದ್ರೂ ಸಿಕ್ತದೇನೋ ಅಂತ ರಿಸೀವರ್ ಕಿತ್ಕೊಂಡೆ. ನೀನು ಮಾತಾಡ್ತಿದ್ದೀಯ ಅನ್ನೋದು ತಿಳೀತಿತ್ತು, ಏನು ಅನ್ನೋದು ತಿಳೀನಿಲ್ಲ. ಚೆನ್ನಾಗಿದ್ದೀವಿ ಅಂತಿರ್ತೀಯ ಅಂದ್ಕೊಂಡೆ.

ಡಾಕ್ಟರಿಗೆ ತೋರಿಸಿಲ್ಲ. ತೋರಿಸಿದ್ರೆ ನನ್ನ ಮೆಡಿಕಲ್ ವರ್ಗ ಇಳಿಸ್ತಾರೆ, ಇಂಜಿನ್ ಕೆಲಸದಿಂದ ತೆಗೀತಾರೆ. ಹದಿನಾಲ್ಕು ವರ್ಷ ನಾನು ಕಿವಿ ಕೊಟ್ಟೇ ಇಂಜಿನ್ ನೋಡಿರೋನು. ಈಗ ಯಾವನಾದ್ರೂ ‘ಉಸ್ತಾದ್, ಇದನ್ನ ಕೇಳಿ’ ಅಂದ್ರೆ ಬಾನೆಟ್ ಮೇಲೆ ಕೈ ಇಟ್ಟು ಕೇಳೋನ ಹಂಗೆ ನಿಂತಿರ್ತೀನಿ. ಆಮೇಲೆ ಪ್ಲಗ್ ಬಿಚ್ಚಿ ನೋಡಿ ಹೇಳ್ತೀನಿ. ಇಲ್ಲಿ ತನಕ ಸಿಕ್ಕಾಕಿಕೊಂಡಿಲ್ಲ.

ಕಾಯಿಲ್ ವಿಷಯ ಈಗ ಗೊತ್ತಾಯ್ತು. ಮಹದೇವು ಅದಲು ಬದಲು ಮಾಡಿದ್ದನ್ನ ನನ್ನ ಕಾಗದ ನೋಡಿ ನೀನು ವಾಪಸ್ ಮಾಡಿದ್ದೀಯ. ಅಂದ್ರೆ ಕೆಟ್ಟದ್ದು ತಿರುಗಿ ಎರಡನೇದರ ಮೇಲೆ ಬಂತು. ನಾನು ಒಂದನೇದು ತೆಗಿ ಅಂದೆ, ನೀನು ಒಳ್ಳೇದನ್ನ ತೆಗೆದೆ. ಕೆಟ್ಟದ್ದು ಇನ್ನೂ ಎರಡನೇದರಲ್ಲೇ ಕೂತದೆ. ತಪ್ಪು ನಿಂದಲ್ಲ.

ಯಾರು ಓಡಿಸ್ತಾರೆ ಅಂತ ಇನ್ನು ಕೇಳಲ್ಲ.

ನಾಗರಾಜು

*

ಮಳವಳ್ಳಿ
೨ ಸೆಪ್ಟೆಂಬರ್ ೨೦೨೪

ರೀ,

ಕಾರು ಮನೆಯಲ್ಲೇ ಇದೆ. ಮೊದಲು ಅದನ್ನು ಹೇಳಿಬಿಟ್ಟೆ.

ನಿಮ್ಮ ಕಾಗದವನ್ನು ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಕೂತು ಓದಿದೆ. ನೀವು ಹೂಂ ಅಂದದ್ದು ಕೋಪಕ್ಕಲ್ಲ ಅಂತ ಗೊತ್ತಾದಾಗ ಮೊದಲು ಆದದ್ದು ಸಂತೋಷ. ಆಮೇಲೆ ಆ ಸಂತೋಷಕ್ಕೆ ನಾಚಿಕೆಯಾಯಿತು. ಊಟ ಮುಗಿದ ಬೆಲ್ ಆದರೂ ಏಳಲಿಲ್ಲ.

ಈಗ ನನ್ನ ಸಮಾಚಾರ. ಆಗಸ್ಟಿನಲ್ಲಿ, ನಿಮ್ಮ ಕಾಗದ ಬರುವ ಮುಂಚೆ, ಮಹದೇವು ಒಬ್ಬ ಗಿರಾಕಿಯನ್ನು ಕಳಿಸಿದರು. ಅಂಕಯ್ಯ ಅಂತ, ಮದ್ದೂರಿನಲ್ಲಿ ಪೈಪಿನ ಅಂಗಡಿ ಇಟ್ಟಿದ್ದಾರೆ. ‘ನೀನೇ ಓಡ್ಸವ್ವ, ನಾನು ಪಕ್ಕದಲ್ಲಿ ಕೂತು ನೋಡ್ತೀನಿ’ ಅಂದರು. ಮದ್ದೂರು ಬಿಟ್ಟು ಮಳವಳ್ಳಿ ರಸ್ತೆಗೆ ಬಂದೆವು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು, ಹಿಂದೆ ಎರಡು ಟ್ರೈಲರು. ‘ಎಂಗೆ ಎಳೀತದೆ ನೋಡುಮ’ ಅಂದರು. ಮೂರನೇ ಗೇರಿಗೆ ಹಾಕಿ ಬಲಕ್ಕೆ ತೆಗೆದು ಪೂರ್ತಿ ತುಳಿದೆ. ಮೊದಲನೇ ಟ್ರೈಲರಿನ ಪಕ್ಕ ಬಂದಾಗ ಕಾರು ಉಸಿರು ಕಟ್ಟಿದ ಹಾಗೆ ಕೂತುಬಿಟ್ಟಿತು. ಎದುರಿಗೆ ಬಸ್ಸು. ಬ್ರೇಕ್ ತುಳಿದು ಹೇಗೋ ಮತ್ತೆ ಟ್ರೈಲರಿನ ಹಿಂದಕ್ಕೆ ನುಗ್ಗಿಸಿದೆ. ಕಬ್ಬಿನ ಸೋಗೆ ಗಾಜಿಗೆ ಸವರಿಕೊಂಡು ಹೋಯಿತು. ಬಸ್ಸಿನ ಡ್ರೈವರು ಏನೋ ಬೈದುಕೊಂಡು ಹೋದ.

ಅಂಕಯ್ಯ ‘ಒಸಿ ನಿಲ್ಸವ್ವ’ ಅಂದರು. ಇಳಿದು ಬೇಲಿಯ ಹತ್ತಿರ ಸ್ವಲ್ಪ ಹೊತ್ತು ಸೊಂಟ ಹಿಡಿದುಕೊಂಡು ನಿಂತರು. ಆಮೇಲೆ, ‘ನಂಗೆ ಗಾಡಿ ಬ್ಯಾಡ ಕಣವ್ವ. ನೀನೂ ಇದ್ನ ಇಂಗೆ ಓಡುಸ್ಬ್ಯಾಡ. ಮನೇಲಿ ಯಾರಾರ ಇದಾರಲ್ಲ ನಿಂಗೆ?’ ಅಂದರು. ಮದ್ದೂರಿನ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿಕೊಂಡು ಹೋದರು.

ಆದರೆ ಅವರು ಬೇಡ ಅಂದಾಗ ಎದೆಯೊಳಗೆ ಹಗುರಾಯಿತು. ಆಗ ಗೊತ್ತಾಯಿತು, ನನಗೆ ಅದನ್ನು ಮಾರೋಕೆ ಮನಸ್ಸೇ ಇರಲಿಲ್ಲ.

ಆ ಐದು ಸಾವಿರ ನಂದೇ ರೀ. ಶಿಫ್ಟ್ ಮುಗಿದ ಮೇಲೆ ನಾನು ನೇರ ಮಳವಳ್ಳಿಗೆ ಬರುತ್ತಿರಲಿಲ್ಲ. ಹೆದ್ದಾರಿ ಹಿಡಿದು ಮಂಡ್ಯದ ತನಕ ಹೋಗಿ ತಿರುಗಿ ಬರುತ್ತಿದ್ದೆ. ದಿನವಿಡೀ ಹೊಲಿಗೆ ಮಿಷನ್ನುಗಳ ಗಲಾಟೆ, ಲೈನು ಯಾಕೆ ನಿಧಾನ ಅಂತ ಮೇಲಿನವರು ನನ್ನನ್ನು ಕೇಳೋದು, ನಾನು ಹುಡುಗಿಯರನ್ನು ಕೇಳೋದು. ಕಾರು ಹತ್ತಿ ಕಾಲು ಒತ್ತಿದರೆ ಒಂದೇ ಸದ್ದು ಉಳಿಯುತ್ತಿತ್ತು. ನಿಮಗೆ ಹೇಳದೆ ಇದ್ದದ್ದು ಬೈತೀರಿ ಅಂತಲ್ಲ. ಹೇಳಿದರೆ ನೀವು ಕಲಿಸೋಕೆ ಶುರು ಮಾಡುತ್ತೀರಿ. ಅದೊಂದು ನನ್ನ ಪಾಡಿಗೆ ಇರಲಿ ಅನ್ನಿಸಿತ್ತು. ನೀವು ಬೇರೆ ಯಾರೋ ಅಂದುಕೊಳ್ಳಬಹುದು ಅಂತ ಹೊಳೆಯಲೇ ಇಲ್ಲ.

ಕೆಂಪು ಕಾಯಿಲ್ ಎಲ್ಲ ತೆಗೆಸಿದೆ. ಎರಡನೇದರ ಮೇಲೆ ಇದ್ದದ್ದನ್ನು ಬಿಸಿಲಿಗೆ ಹಿಡಿದು ನೋಡಿದರೆ ಮೈಯಲ್ಲಿ ಕೂದಲೆಳೆ ಬಿರುಕು. ಬಿಸಿಯಾದಾಗ ಕಿಡಿ ಅಲ್ಲಿಂದಲೇ ಸೋರಿ ಹೋಗುತ್ತಿತ್ತು ಅಂದರು ಮಹದೇವು. ಕಂಪನಿಯ ಹಳೇ ಮೂರನ್ನೂ ಹಾಕಿ, ಪ್ಲಗ್ಗಿನಲ್ಲಿ ಕಿಡಿ ಹಾರುವ ಸಂದು ಸ್ವಲ್ಪ ಕಿರಿದು ಮಾಡಿ, ನೀವು ಏರಿಸಿದ್ದ ಒತ್ತಡವನ್ನು ಒಂದಿಷ್ಟು ಇಳಿಸಿದ್ದಾರೆ. ಮೊದಲಿನ ಎಳೆತ ಇಲ್ಲ. ಆದರೆ ಕೇಳಿದಾಗ ಕೊಡುತ್ತೆ.

ನೀವು ಡಾಕ್ಟರ ಹತ್ತಿರ ಹೋಗಿ. ಕೇಳಿಸದೆ ಬಾನೆಟ್ಟಿನೊಳಗೆ ಕೈ ಇಟ್ಟು ನಿಂತಾಗ ಇನ್ನೊಬ್ಬ ಸ್ಟಾರ್ಟ್ ಮಾಡಿದರೆ? ಬೆಲ್ಟಿಗೆ ನಿಮ್ಮ ಕೈ ಸಿಕ್ಕಿದರೆ? ಅತ್ತೆಗೆ ನಾನು ಹೇಳಿದ್ದೀನಿ. ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಅವುನ್ಗೆ ಕಾಗ್ದ ಬರಿಯಮ್ಮಿ, ಜೀವ ಅದಲ್ಲ, ಅಷ್ಟು ಸಾಕು ಅಂತ ಬರಿ’ ಅಂದರು. ಬರೆದಿದ್ದೀನಿ.

ಶ್ವೇತ

*

ಸೈನಿಕ ಆಸ್ಪತ್ರೆ
೧೦ ಅಕ್ಟೋಬರ್ ೨೦೨೪

ಶ್ವೇತಾ,

ನಿನ್ನ ಕಾಗದ ಓದಿದ ಮಾರನೇ ದಿನ ಹೋಗಿ ಹೇಳಿದೆ. ಬೈದ್ರು, ಆಮೇಲೆ ಇಲ್ಲಿಗೆ ಕಳಿಸಿದ್ರು. ಎಡಗಿವಿ ವಾಪಸ್ ಬರಲ್ಲ. ಬಲಗಿವಿಗೆ ಒಂದು ಮಿಷನ್ ಕೊಟ್ಟವ್ರೆ. ಎಲ್ಲಾರ ಮಾತೂ ಡಬ್ಬದೊಳಗಿಂದ ಬಂದಂಗೆ ಬತ್ತದೆ. ಚಮಚ ತಟ್ಟೆಗೆ ಬಡಿದ್ರೆ ತಲೆ ಸಿಡೀತದೆ. ಮಾತು ಯಾವುದು, ಸದ್ದು ಯಾವುದು ಅಂತ ಇನ್ನೂ ಬೇರೆ ಮಾಡಾಕೆ ಬರ್ತಿಲ್ಲ.

ಇಂಜಿನ್ ಕೆಲಸ ಇಲ್ಲ ಅಂದ್ರು. ಸ್ಪೇರ್ ಪಾರ್ಟ್ಸ್ ಸ್ಟೋರಿಗೆ ಹಾಕ್ತಾರಂತೆ. ಬೇಜಾರಾಗಿದೆಯೋ ಸಮಾಧಾನವೋ ನನಗೇ ತಿಳೀತಿಲ್ಲ.

ಪ್ಲಗ್ಗಿನ ಸಂದು ಕಿರಿದು ಮಾಡಿದ್ದು ಸರಿ. ಮಾರ್ಚೀಲಿ ನಾನೇ ಮಾಡಬೇಕಿತ್ತು, ಕೆಂಪು ಕಾಯಿಲ್ ಹಾಕಿದ್ರೆ ಎಲ್ಲಾ ತಡ್ಕೊತದೆ ಅಂತ ನಂಬಿದ್ದೆ. ಡಿಸೆಂಬರಲ್ಲಿ ಬತ್ತೀನಿ. ಮಂಡ್ಯ ಸ್ಟೇಷನ್ನಿಗೆ ನೀನೇ ಕಾರು ತಗೊಂಡು ಬಾ. ಕಲಿಸಲ್ಲ.

ನಾಗರಾಜು

*

ರೈಲಿನಲ್ಲಿ
೬ ಜನವರಿ ೨೦೨೫

ಶ್ವೇತಾ,

ರಜೆ ಮುಗಿಸಿ ಹೊರಟು ಇನ್ನೂ ನಿನ್ನ ಚಪಾತಿ ಬಿಸಿ ಆರಿಲ್ಲ, ಆಗಲೇ ಬರೀತಾ ಇದ್ದೀನಿ. ಕೈ ಅಲ್ಲಾಡ್ತದೆ, ಅಕ್ಷರ ಹೆಂಗಾದ್ರೂ ಓದ್ಕೊ.

ಇವತ್ತು ಸ್ಟೇಷನ್ನಿಗೆ ಬರುವಾಗ ಸೀಟಿನ ಕೆಳಗೆ ಒಂದು ಅದುರು ತಿಳೀತು. ಮಿಸ್ಸಿಂಗ್ ಐತೆ ಅಂದೆ. ನೀನು ಇಲ್ಲ ಅಂದೆ. ಐತೆ ಕಣಮ್ಮಿ ಅಂದೆ. ನೀನು ಕಿಟಕಿ ಇಳಿಸಿ ಕೇಳಿಸ್ಕೊಂಡು, ನನ್ನ ಕಡೆ ತಿರುಗಿ, ತುಟಿ ಕಾಣೋ ಹಂಗೆ ‘ಇಲ್ಲಾರೀ, ರಸ್ತೆ ಸರಿ ಇಲ್ಲ ಅಷ್ಟೇ’ ಅಂದೆ. ನನಗೆ ಸಿಟ್ಟು ಬಂತು. ಸ್ಟೇಷನ್ ಮುಂದೆ ಇಳಿದಾಗ ಬಾನೆಟ್ ಎತ್ತಾಕೆ ಕೈ ಹೋಗಿತ್ತು. ರೈಲಿಗೆ ಇನ್ನೂ ಹೊತ್ತಿತ್ತು. ಎತ್ತಲಿಲ್ಲ.

ಒಂದು ಗಾಡಿನ ಅನುಮಾನ ಇಟ್ಕೊಂಡು ಬಿಚ್ಚಿ ನೋಡದೆ ಬಿಟ್ಟು ಬಂದಿರೋದು ಇದೇ ಮೊದಲು. ಮದ್ದೂರು ದಾಟೋ ತನಕ ಹಿಂಸೆ ಆಗ್ತಿತ್ತು. ಆಮೇಲೆ ಅಂದ್ಕೊಂಡೆ, ನನ್ನ ಕಿವಿ ನಂಬೋ ಹಂಗಿಲ್ಲ, ಮೈ ಕೂಡ ಏನೇನೋ ಹೇಳ್ತದೆ. ನೀನು ಇಲ್ಲ ಅಂದ್ರೆ ಇಲ್ಲ. ಇನ್ನು ಮೇಲೆ ಹಂಗೇ. ಇದನ್ನ ಹೇಳಾಕೇ ಬರೆದೆ.

ನಾಗರಾಜು

*

ಮಳವಳ್ಳಿ
೭ ಜನವರಿ ೨೦೨೫

ರೀ,

ನೀವು ಇನ್ನೂ ದಾರಿಯಲ್ಲೇ ಇರುತ್ತೀರಿ. ಆದರೂ ಬರೆದು ಅಂಚೆ ಡಬ್ಬಕ್ಕೆ ಹಾಕಿಬಿಡುತ್ತೀನಿ.

ನಿಮ್ಮನ್ನು ರೈಲಿಗೆ ಬಿಟ್ಟು ವಾಪಸ್ ಬರುವಾಗ ಗೆಜ್ಜಲಗೆರೆ ಹತ್ತಿರ ದೀಪ ಮಿಟುಕಿತು. ಕಾಲು ಸುಮ್ಮನೆ ಇಟ್ಟಿದ್ದೆ, ಜೋರಾಗಿ ಹೋಗುತ್ತಿರಲಿಲ್ಲ. ಮಹದೇವು ಗ್ಯಾರೇಜಿನ ಮುಂದೆ ನಿಲ್ಲಿಸಿ ನಾನೇ ಬಾನೆಟ್ ಎತ್ತಿದೆ. ಮೂರನೇ ಕಾಯಿಲಿನ ಕ್ಲಿಪ್ಪು ಮುರಿದು ವೈರು ಸಡಿಲವಾಗಿತ್ತು. ಹಳ್ಳ ಬಂದಾಗಲೆಲ್ಲ ಬಿಟ್ಟು ಬಿಟ್ಟು ತಾಗುತ್ತಿತ್ತು. ಬೇರೆ ಕ್ಲಿಪ್ಪು ಹಾಕಿಸಿದೆ.

ನೀವು ಹೇಳಿದ್ದೇ ಸರಿ. ನಾನು ನಿಮ್ಮ ಸಮಾಧಾನಕ್ಕೆ ಇಲ್ಲ ಅನ್ನಲಿಲ್ಲ, ನಿಜವಾಗಿ ನನಗೆ ಕೇಳಿಸಲಿಲ್ಲ. ಕಿಟಕಿ ಇಳಿಸಿ ಕೇಳಿಸಿಕೊಂಡೆ, ಆದರೂ ಕೇಳಿಸಲಿಲ್ಲ. ‘ನಾಗರಾಜೂಗೆ ಎಂಗೆ ತಿಳೀತಕ್ಕ?’ ಅಂತ ಮಹದೇವು ಕೇಳಿದರು. ಗೊತ್ತಿಲ್ಲ ಅಂದೆ.

ಸ್ಟೇಷನ್ನಿನ ಮುಂದೆ ನಿಮ್ಮ ಕೈ ಬಾನೆಟ್ಟಿನ ತನಕ ಹೋಗಿ ವಾಪಸ್ ಬಂದದ್ದನ್ನು ನಾನು ನೋಡಿದೆ. ಮುಂದಿನ ಸಲ ನಾನು ಇಲ್ಲ ಅಂದರೂ ಎತ್ತಿ ನೋಡಿ. ರೈಲು ತಪ್ಪಿದರೆ ತಪ್ಪಲಿ.

ಶ್ವೇತ